ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತಿದ್ದ ವ್ಯಾನು

ಅವರ ವ್ಯಾನಿನಲ್ಲಿ ಮೊದಲ ಸಲ ಕೂತ ದಿನ ನನ್ನ ತೊಡೆಯ ಮೇಲೆ ಬೇರೆಯವರ ಹಲಸಿನಹಣ್ಣು ಇತ್ತು. ಹಣ್ಣಿನ ಒಡತಿ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ತೊಡೆಯ ಮೇಲೆ ಇನ್ನೂ ದೊಡ್ಡದೊಂದು ಹಣ್ಣು ಇದ್ದುದರಿಂದ ನಾನು ದೂರುವಂತಿರಲಿಲ್ಲ. ಮುಂದಿನ ಸಾಲಿನಲ್ಲಿ ಬೆಂಗಳೂರಿನಿಂದ ಬಂದ ಗಂಡ, ಹೆಂಡತಿ, ಕಾಲೇಜು ಓದುವ ಮಗಳು. ವ್ಯಾನನ್ನು ಇಡೀ ದಿನಕ್ಕೆ ಗೊತ್ತುಮಾಡಿದ್ದವರು ಅವರು. ಅವರ ಕಾಲಬುಡದಲ್ಲಿ ಯಾರದೋ ಹಿಂಡಿ ಚೀಲ.

"ಇದು ನಮಗೆ ಮಾತ್ರ ಅಂತ ಹೇಳಿದ್ರಲ್ಲ?" ಎಂದು ಗಂಡ ಮೆಲ್ಲಗೆ ಕೇಳಿದರು.

"ನಿಮಗೆ ಮಾತ್ರವೇ," ಎಂದು ಚಾಲಕರು ಕನ್ನಡಿಯಲ್ಲಿ ನೋಡುತ್ತ ಸಮಾಧಾನ ಹೇಳಿದರು. "ಇವ್ರೆಲ್ಲ ಮುಂದಿನ ಸ್ಟಾಪಲ್ಲಿ ಇಳೀತಾರೆ."

ಮುಂದಿನ ಸ್ಟಾಪಿನಲ್ಲಿ ಇನ್ನಿಬ್ಬರು ಹತ್ತಿದರು.

ಶಿರಸಿಯಲ್ಲಿ ನಾನಾಗ ಒಂದು ದಿನಪತ್ರಿಕೆಯ ವರದಿಗಾರ. ಭಾನುವಾರದ ಪುಟಕ್ಕೆ ನಮ್ಮ ಸೀಮೆಯ ಜಲಪಾತ, ಹಳೆಯ ಗುಡಿ, ಊಟ ಇವುಗಳ ಬಗ್ಗೆ ಒಂದು ಲೇಖನ ಬೇಕಿತ್ತು. ಇವರ ವ್ಯಾನಿನಲ್ಲಿ ಹೋಗಿ ಬನ್ನಿ ಎಂದು ಹೋಮ್‌ಸ್ಟೇ ನಡೆಸುವವರೊಬ್ಬರು ಹೇಳಿದ್ದರು. "ಮನುಷ್ಯ ಬಹಳ ಒಳ್ಳೆಯವರು. ಆದರೆ ಸ್ವಲ್ಪ..." ಎಂದು ಅಲ್ಲಿಗೇ ನಿಲ್ಲಿಸಿದ್ದರು. ಆ 'ಸ್ವಲ್ಪ' ಏನೆಂಬುದು ನನಗೆ ಮಂಚಿಕೇರಿ ಮುಟ್ಟುವುದರೊಳಗೆ ತಿಳಿಯಿತು.

ಅವರು ನಿವೃತ್ತ ಬಸ್ ಚಾಲಕರು. ಸೇವೆಯ ಕೊನೆಯ ವರ್ಷಗಳಲ್ಲಿ ಓಡಿಸಿದ್ದು ತಮ್ಮದೇ ಊರಿನ ಬಸ್ಸನ್ನು. ಶಿರಸಿಯಿಂದ ಯಲ್ಲಾಪುರದ ರಸ್ತೆ ಹಿಡಿದು, ಮಂಚಿಕೇರಿಯಲ್ಲಿ ಒಳಗೆ ತಿರುಗಿ, ಕಾಡು ಮುಗಿಯದಿದ್ದರೂ ರಸ್ತೆ ಮುಗಿದುಹೋಗುವ ಜಾಗದಲ್ಲಿ ಆ ಊರು ಇದೆ. ಅಲ್ಲಿಗೆ ಮೊಟ್ಟಮೊದಲು ಬಸ್ಸು ಬಂದಾಗ ಸ್ಟೀರಿಂಗ್ ಹಿಡಿದಿದ್ದವರೂ ಇವರೇ. ಊರವರು ಬಸ್ಸಿಗೆ ಮಾಲೆ ಹಾಕಿ, ಆರತಿ ಎತ್ತಿ, ಚಾಲಕರಿಗೆ ಪಾಯಸ ಬಡಿಸಿದರಂತೆ. ಈ ಕಥೆಯನ್ನು ಅವರ ಬಾಯಿಂದ ಹಲವು ಸಲ ಕೇಳಿದ್ದೇನೆ. ಪ್ರತಿ ಸಲವೂ ಪಾಯಸ ಬದಲಾಗುತ್ತಿತ್ತು, ಒಮ್ಮೆ ಹೆಸರುಬೇಳೆಯದು, ಒಮ್ಮೆ ಸೌತೆಕಾಯಿಯದು. ಬಸ್ಸು ಮಾತ್ರ ಬದಲಾಗುತ್ತಿರಲಿಲ್ಲ. ಒಂದೇ ಮೂಲದ ಮಾತನ್ನು ನಂಬಬಾರದು ಎಂಬುದು ನನ್ನ ಕಸುಬಿನ ಪಾಠ. ಅವರ ಹೆಂಡತಿಯನ್ನು ಕೇಳಿದೆ. "ಪಾಯಸ ಗೀಯಸ ಎಂತದೂ ಇಲ್ಲೆ. ಮಜ್ಜಿಗೆ ಕೊಟ್ಟಿದ್ದ," ಎಂದರು.

ನಿವೃತ್ತಿಯ ಮೇಲೆ ಹಳೆಯದೊಂದು ವ್ಯಾನು ಕೊಂಡು, ಪ್ರವಾಸಿಗಳನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಸುತ್ತಿಸುವ ಕೆಲಸಕ್ಕೆ ಇಳಿದರು. ವಾಹನ ಬದಲಾಯಿತು, ಪಾದ ಬದಲಾಗಲಿಲ್ಲ. ಕೈ ಅಡ್ಡ ಮಾಡಿದವರನ್ನು ಕಂಡರೆ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಕೈ ಅಡ್ಡ ಮಾಡದೆ ಸುಮ್ಮನೆ ಮರದ ಕೆಳಗೆ ನಿಂತವರನ್ನು ಕಂಡರೂ ಹೋಗುತ್ತಿತ್ತು. ಯಾರೂ ಇಲ್ಲದ ಸ್ಟಾಪಿನಲ್ಲಿ ಒಮ್ಮೆ ವ್ಯಾನು ನಿಲ್ಲಿಸಿದರು. ಯಾಕೆ ಎಂದು ಕೇಳಿದರೆ "ತಡಿ, ಬತ್ತ" ಎಂದರು. ಸ್ವಲ್ಪ ಹೊತ್ತಿಗೆ ಗದ್ದೆಯ ಅಂಚಿನಿಂದ ಕೊಡೆ ಬೀಸುತ್ತ ಒಬ್ಬರು ಓಡಿಬಂದರು. ಹತ್ತಿದವರಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಾಡಿಗೆ ಬೆಂಗಳೂರಿನವರು ಕೊಟ್ಟಾಗಿದೆಯಲ್ಲ ಎಂಬುದು ಅವರ ನ್ಯಾಯ.

ಇನ್ನೊಂದು ರೂಢಿಯೂ ಇತ್ತು. ಹಿಂದಿನಿಂದ ಯಾರಾದರೂ 'ರೈಟ್' ಎನ್ನದೆ ವ್ಯಾನು ಹೊರಡುತ್ತಿರಲಿಲ್ಲ. ಎಂಜಿನ್ ಗುರುಗುಡುತ್ತಿರುತ್ತಿತ್ತು, ಕೈ ಗೇರಿನ ಮೇಲಿರುತ್ತಿತ್ತು, ಕಣ್ಣು ಕನ್ನಡಿಯಲ್ಲಿರುತ್ತಿತ್ತು. ಆ ಬೆಂಗಳೂರಿನ ಗಂಡ ಮೂರ್ನಾಲ್ಕು ಸ್ಟಾಪುಗಳಾದ ಮೇಲೆ ತಾಳ್ಮೆ ಕಳೆದುಕೊಂಡರು.

"ಯಾಕೆ ಸಾರ್ ಹೊರಡ್ತಿಲ್ಲ?"

"ನೀವು ಹೇಳ್ಲೇ ಇಲ್ವಲ್ಲ."

"ಏನು ಹೇಳ್ಬೇಕು?"

ಪಕ್ಕದಲ್ಲಿದ್ದ ಮಗಳು "ರೈಟ್!" ಎಂದು ಕೂಗಿದಳು. ವ್ಯಾನು ಚಿಗರೆಯಂತೆ ನೆಗೆಯಿತು. ಆ ಹೊತ್ತಿನಿಂದ ಸಂಜೆಯವರೆಗೆ ಆ ಹುಡುಗಿ ಕಂಡಕ್ಟರ್ ಆಗಿ ಕೆಲಸ ಮಾಡಿದಳು. ಅವಳ ಅಮ್ಮ ಹೇಳಿದ ಪ್ರಕಾರ ಮನೆಯಲ್ಲಿ ಅವಳು ಅಷ್ಟು ಮಾತಾಡಿದ್ದೇ ಇಲ್ಲವಂತೆ.

ಇತಿಹಾಸದಲ್ಲಿ ಅವರ ತಿಳಿವಳಿಕೆ ವಿಚಿತ್ರವಾಗಿತ್ತು. ಕಲಿತದ್ದೆಲ್ಲ ಬೆನ್ನ ಹಿಂದೆ ಕೂತ ಪ್ರಯಾಣಿಕರ ಮಾತಿನಿಂದ. ಹೇಳುತ್ತಿದ್ದವರು ತಮ್ಮ ಸ್ಟಾಪು ಬಂದಾಗ ಇಳಿದುಹೋಗುತ್ತಿದ್ದರು. ಹಾಗಾಗಿ ಇವರ ಇತಿಹಾಸದಲ್ಲಿ ಯಾವ ಯುದ್ಧವೂ ಮುಗಿದಿರಲಿಲ್ಲ, ಯಾವ ರಾಜಕುಮಾರಿಯ ಮದುವೆಯೂ ಆಗಿರಲಿಲ್ಲ. ಬನವಾಸಿಯ ಬಗ್ಗೆ ಕೇಳಿದರೆ ಕದಂಬರನ್ನು ಸಿಂಹಾಸನದ ಹತ್ತಿರದವರೆಗೆ ಕರೆತಂದು ಅಲ್ಲೇ ನಿಲ್ಲಿಸುತ್ತಿದ್ದರು. ಆ ದಿನ ಸಹಸ್ರಲಿಂಗದಲ್ಲಿ, ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗ, ನಂದಿಗಳ ನಡುವೆ ನಿಂತು ಶುರುಮಾಡಿದರು:

"ಸ್ವಾದಿಯ ಅರಸರಿಗೆ ಮಕ್ಕಳಿರಲಿಲ್ಲ. ಆಗ ಒಬ್ಬರು ಬಂದು, ಹೊಳೆಯಲ್ಲಿ ಲಿಂಗ ಕೆತ್ತಿಸು ಅಂದ್ರು. ಅರಸರು ಸರಿ ಅಂತ ಕಲ್ಲುಕುಟಿಗರನ್ನ ಕರೆಸಿದ್ರು."

"ಆಮೇಲೆ?" ಎಂದಳು ಹುಡುಗಿ.

"ಆಮೇಲೆ ಗೊತ್ತಿಲ್ಲ. ಹೇಳ್ತಿದ್ದ ಮಾಸ್ತರು ಭೈರುಂಬೆಯಲ್ಲಿ ಇಳಿದ್ರು."

ಹಲಸಿನಹಣ್ಣಿನ ಅಜ್ಜಿಯೂ ಕಾಲು ಜೋಮು ಹಿಡಿದಿದೆಯೆಂದು ನಮ್ಮ ಜೊತೆ ಹೊಳೆಗೆ ಇಳಿದಿದ್ದರು. ಚಾಲಕರಿಗಿಂತ ಹಿರಿಯರು. ಇವರು ಅವರನ್ನು ಅಕ್ಕಯ್ಯ ಎನ್ನುತ್ತಿದ್ದರು. ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದರು: "ಆಮೇಲೆ ಮಗು ಆತು. ಮತ್ತೆಂತ ಆಗ್ತು? ಅಷ್ಟು ಕಲ್ಲು ಕೆತ್ತಿಸಿದ್ರೆ ದೇವ್ರಿಗೂ ಬ್ಯಾಸರ ಬರ್ತು."

"ಹೌದನೇ?" ಎಂದು ಇವರು ನಿಜಕ್ಕೂ ಹಿಗ್ಗಿದರು. "ಇಷ್ಟು ವರ್ಷ ಆನು ಆ ಅರಸಂಗೆ ಮಕ್ಕಳೇ ಇಲ್ಲೆ ಹೇಳಿ ಬ್ಯಾಸರ ಮಾಡ್ಕಂಡಿದ್ದೆ."

ನಾನು ವರದಿಗಾರನ ಬುದ್ಧಿಯಿಂದ, ಇದು ಜನರ ನಂಬಿಕೆ, ದಾಖಲೆಯಲ್ಲಿ ಬೇರೆ ಇರಬಹುದು ಎಂದೆ. ಇಬ್ಬರೂ ನನ್ನನ್ನು, ಮಗುವಿನ ನಾಮಕರಣಕ್ಕೆ ಬಂದು ಮಗುವೇ ಹುಟ್ಟಿಲ್ಲ ಎಂದವನನ್ನು ನೋಡುವಂತೆ ನೋಡಿದರು.

ಊಟದ ಏರ್ಪಾಟೂ ಹೀಗೆಯೇ. ಬೆಂಗಳೂರಿನ ಹೆಂಗಸು 'ಇಲ್ಲಿಯದೇ ಊಟ ಬೇಕು' ಎಂದು ಮೊದಲೇ ಹೇಳಿದ್ದರು. ಇವರು ಹೋಟೆಲಿನ ಕಡೆ ತಿರುಗಿಯೂ ನೋಡಲಿಲ್ಲ. ಕನ್ನಡಿಯಲ್ಲಿ ಅಜ್ಜಿಯನ್ನು ಹುಡುಕಿದರು.

"ಅಕ್ಕಯ್ಯ, ಮನೇಲಿ ಇವತ್ತು ಎಂತ ಅಡಿಗೆ?"

"ನಂಗೆಂತ ಗೊತ್ತು? ಆನು ತವರಿಗೆ ಹೋದವ್ಳು ಈಗ ಬತ್ತಾ ಇದ್ದೆ."

"ಸೊಸೆ ಇದ್ದಲೆ."

"ಇದ್ದು. ಫೋನ್ ಮಾಡಿ ಕೇಳು."

"ಫೋನ್ ಮಾಡಿರೆ ಆಗ್ತಿಲ್ಲೆ ಹೇಳ್ತು. ಬಾಗಿಲಿಗೇ ಹೋದ್ರೆ ಹೇಳ್ತಿಲ್ಲೆ."

ಬಾಗಿಲಿಗೇ ಹೋದೆವು. ಸೊಸೆ ಒಂದು ಗಳಿಗೆ ನಮ್ಮನ್ನು ನೋಡಿದರು, ಇನ್ನೊಂದು ಗಳಿಗೆ ಇವರನ್ನು ನೋಡಿದರು. ಆ ಎರಡನೆಯ ನೋಟವನ್ನು ಪತ್ರಿಕೆಯಲ್ಲಿ ಬರೆಯಲಾಗದು. ಆದರೆ ಬಾಳೆ ಎಲೆ ಬಿತ್ತು. ಮಾವಿನಕಾಯಿಯ ಅಪ್ಪೆಹುಳಿ, ಒಂದೆಲಗದ ತಂಬುಳಿ, ಎಳೆ ಹಲಸಿನ ಪಲ್ಯ, ಕೊನೆಗೆ ಡಬ್ಬಿಯಿಂದ ತೊಡದೇವು. ಕಬ್ಬಿನಹಾಲಿನ ಹಿಟ್ಟನ್ನು ಕಾದ ಮಡಿಕೆಯ ಬೆನ್ನಿಗೆ ಬಳಿದು ತೆಗೆಯುವ, ಕಾಗದದಷ್ಟು ತೆಳುವಾದ ಸಿಹಿ ಅದು. ಬೆಂಗಳೂರಿನ ಗಂಡ ಅದನ್ನು ಕಾಗದವೆಂದೇ ತಿಳಿದು, ಒಳಗೇನು ಕಟ್ಟಿದ್ದಾರೆಂದು ಬಿಚ್ಚತೊಡಗಿದರು. ಸೊಸೆ ನಕ್ಕರು. ಅಲ್ಲಿಂದ ಮುಂದೆ ಯಾರೂ ಹೊರಗಿನವರಾಗಿ ಉಳಿಯಲಿಲ್ಲ. ಅಪ್ಪೆಹುಳಿ ಮತ್ತೆ ಬಂತು, ಮತ್ತೆ ಬಂತು. ಅದನ್ನು ಲೋಟದಲ್ಲಿ ಕುಡಿದವರಿಗೆ ಮಧ್ಯಾಹ್ನ ಎಂಥ ನಿದ್ದೆ ಬರುತ್ತದೆಂಬ ಸಂಗತಿಯನ್ನು ಇವರು ಮೊದಲೇ ತಿಳಿಸಬಹುದಿತ್ತು. ತಿಳಿಸಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಎಲ್ಲರಿಗಿಂತ ಮೊದಲು ತಾವೇ ಗೊರಕೆ ಹೊಡೆದರು.

ಜಲಪಾತಗಳ ವಿಷಯದಲ್ಲಿ ಅವರು ನನಗೆ ಸೋಜಿಗವಾಗಿದ್ದರು. ಉಂಚಳ್ಳಿ, ಬುರುಡೆ, ಮಾಗೋಡು, ಸಾತೊಡ್ಡಿ ಎಲ್ಲಕ್ಕೂ ಜನರನ್ನು ಒಯ್ಯುತ್ತಿದ್ದರು, ಒಂದನ್ನೂ ನೋಡಿರಲಿಲ್ಲ. ಜನ ಇಳಿದು ಹೋದ ಮೇಲೆ ವ್ಯಾನನ್ನು ಹಿಂದೆ ಮುಂದೆ ಮಾಡಿ ಶಿರಸಿಯ ಕಡೆಗೆ ಮುಖ ತಿರುಗಿಸಿ ನಿಲ್ಲಿಸುವುದು, ಗಾಜು ಒರೆಸುವುದು, ಸೀಟಿನಲ್ಲಿ ಕಾಲು ಚಾಚುವುದು. ಅವರ ಊರಿನ ಕೆಳಗೇ ಒಂದು ಸಣ್ಣ ಜಲಪಾತವಿತ್ತು. ಅದನ್ನೂ ನೋಡಿಲ್ಲವೆಂದು ಅವರ ಹೆಂಡತಿಯೇ ಹೇಳಿದರು. ಕಾರಣ ಕೇಳಿದರೆ, "ಗಾಡಿ ಬಿಟ್ಟು ಹೋಪಲೆ ಆಗ್ತನ?" ಎನ್ನುತ್ತಿದ್ದರು. ಯಾರೂ ಕಾಣದ ಜಾಗ ತೋರಿಸಿ ಎಂದು ಕೇಳಿದ ಪ್ರವಾಸಿಯೊಬ್ಬರಿಗೆ, "ಯಾರೂ ಕಾಣದೇ ಇದ್ರೆ ಅಲ್ಲಿಗೆ ಬಸ್ಸು ಎಂತಕ್ಕೆ ಬಿಡ್ತಾರೆ?" ಎಂದು ಮರುಪ್ರಶ್ನೆ ಹಾಕಿದ್ದರು.

ನನ್ನ ಲೇಖನ ಅಚ್ಚಾಯಿತು. ಅವರ ಹೆಸರು ಹಾಕಿರಲಿಲ್ಲ. ಹಾಕಬೇಡವೆಂದು ಅವರೇ ಹೇಳಿದ್ದರು. "ಹೆಸರು ಬಂತು ಅಂದ್ರೆ ಎಲ್ಲರೂ ನನ್ನ ವ್ಯಾನೇ ಹತ್ತಲೆ ಬತ್ತ. ಜಾಗ ಎಲ್ಲಿದ್ದು?" ಈ ಬರಹದಲ್ಲೂ ಹಾಕುತ್ತಿಲ್ಲ.

ನಡುನಡುವೆ ದೂರುಗಳು ಬರುತ್ತಿದ್ದವು. ಒಬ್ಬರು ಇಂಟರ್ನೆಟ್ಟಿನಲ್ಲಿ, ಮನುಷ್ಯ ಒಳ್ಳೆಯವನು, ಆದರೆ ಇದು ಪ್ರವಾಸಿ ವಾಹನವಲ್ಲ, ಬಸ್ಸು ಎಂದು ಸಿಟ್ಟಿನಿಂದ ಬರೆದರು. ಹೋಮ್‌ಸ್ಟೇಯವರು ಅದನ್ನು ಓದಿ ಹೇಳಿ ಎಚ್ಚರಿಸಿದಾಗ ಇವರಿಗಾದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಹೋದವರಿಗೆಲ್ಲ ಅದನ್ನು ಓದಿಸುತ್ತಿದ್ದರು. "ನೋಡು, ಬಸ್ಸು ಹೇಳಿ ಬರೆದಿದ್ದ!"

ಹೀಗೆ ನಡೆದಿರುವಾಗ ಒಂದು ದಿನ ಡಿಪೋದಲ್ಲಿ ನನಗೆ ಒಂದು ಸುದ್ದಿ ಸಿಕ್ಕಿತು. ಅವರ ಊರಿನ ಬಸ್ಸನ್ನು ನಿಲ್ಲಿಸುವ ಆಲೋಚನೆ ಇದೆ ಎಂದು.

ಆ ಬಸ್ಸು ರಾತ್ರಿ ಊರಿನಲ್ಲೇ ತಂಗುವ ವಸ್ತಿ ಬಸ್ಸು. ಬೆಳಗಾಗುತ್ತಲೇ ಶಿರಸಿಗೆ ಹೊರಟು, ಮಧ್ಯಾಹ್ನದೊಳಗೆ ಎರಡನೇ ಫೇರಿಗೆ ಊರಿಗೆ ಬಂದು, ಮಧ್ಯಾಹ್ನದ ಮೇಲೆ ತಿರುಗಿ ಶಿರಸಿಗೆ ಹೋಗಿ, ಸಂಜೆ ಮತ್ತೆ ವಸ್ತಿಗೆ ಬರುತ್ತಿತ್ತು. ಹೈಸ್ಕೂಲಿನ ಮಕ್ಕಳು, ಆಸ್ಪತ್ರೆಗೆ ಹೋಗುವವರು, ಸಂತೆಗೆ ಹೋಗುವವರು, ಎಲ್ಲರಿಗೂ ಅದೊಂದೇ. ನಾನು ಅವರ ಮನೆಗೇ ಹೋಗಿ ವಿಷಯ ಹೇಳಿದೆ. ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು.

"ನಿಲ್ಲಿಸ್ತ್ವಡನ? ಎಂತಕ್ಕಡ?"

"ಹತ್ತುವ ಜನ ಇಲ್ಲವಂತೆ."

"ಜನ ಇಲ್ಲೆ! ಊರು ತುಂಬಾ ಜನ ಇದ್ದ. ದಿನಾ ಬೆಳಿಗ್ಗೆ ನನ್ನ ಕಣ್ಣಾರೆ ನೋಡ್ತೆ. ಬರಿ ತಮಾ, ಪೇಪರಲ್ಲಿ ದೊಡ್ಡಕೆ ಬರಿ. ಆಫೀಸಿನವಕ್ಕೆ ಕಣ್ಣಿಲ್ಲೆ ಹೇಳಿ ಬರಿ."

"ಇನ್ನೊಂದು ಬದಿಯನ್ನೂ ವಿಚಾರಿಸಿ ಬರೆಯುತ್ತೇನೆ."

"ಇನ್ನೊಂದು ಬದಿ ಎಂತದು? ಬಸ್ಸಿಗೆ ಇಪ್ಪುದೇ ಒಂದು ಬಾಗಿಲು!"

ಮರುದಿನ ಶಿರಸಿಯ ನಿಲ್ದಾಣದಲ್ಲಿ ಆ ಬಸ್ಸಿನ ಕಂಡಕ್ಟರರನ್ನು ಹಿಡಿದೆ. ಹಾನಗಲ್ ಕಡೆಯವರು, ಮುಚ್ಚುಮರೆಯಿಲ್ಲದ ಮಾತು.

"ಜನ ಎಲ್ಲಿ ಹೋದ್ರು ಅಂತ ನನ್ನ ಯಾಕ ಕೇಳ್ತೀರಿ? ನಿಮ್ಮ ಯಜಮಾನ್ರನ್ನ ಕೇಳ್ರಿ. ನಾವು ಗಾಡಿ ಚಾಲೂ ಮಾಡೂದ್ರಾಗ ಅವರ ವ್ಯಾನು ಮುಂದ ಹೋಗಿರ್ತೈತಿ. ಒಂದ ಸ್ಟಾಪು ಬಿಡಂಗಿಲ್ಲ. ಇದ್ದವರನ್ನೆಲ್ಲ ಬಳಕೊಂಡ ಹೊಕ್ಕಾರ. ಹಿಂದಿಂದ ನಾವು ಗಿಡಾ ಎಣಿಸಿಕೋಂತ ಬರ್ತೀವಿ."

"ಅವರಿಗೆ ನೀವು ಹೇಳಬಹುದಿತ್ತಲ್ಲ?"

"ಹಿರ್ಯಾರ್ರಿ. ಕೆಟ್ಟದ್ದ ಮಾಡಿದ್ರ ಬೈಬಹುದು. ಮಂದಿಗೆ ಉಪಕಾರ ಮಾಡೋರ್ನ ಏನಂತ ಬೈಯೂದು?"

ಪ್ರವಾಸಿಗಳನ್ನು ಕರೆತರಲು ಇವರು ದಿನವೂ ಬೆಳಿಗ್ಗೆ ಶಿರಸಿಗೆ ಹೋಗುತ್ತಿದ್ದರು. ಹೊರಡುತ್ತಿದ್ದದ್ದು ತಮ್ಮ ಬಸ್ಸಿನ ಹೊತ್ತಿಗೆ, ಅಂದರೆ ಆ ಬಸ್ಸಿಗಿಂತ ಚೂರು ಮುಂಚೆ. ಸಂಜೆ ಬರುತ್ತಿದ್ದದ್ದೂ ಹಾಗೆಯೇ. ಗಂಡಸರಿಗೆ ಟಿಕೆಟ್ ಉಳಿಯುತ್ತಿತ್ತು. ಹೆಂಗಸರಿಗೆ ಬಸ್ಸೂ ಪುಕ್ಕಟೆಯೇ, ಆದರೆ ವ್ಯಾನು ಮೊದಲು ಬರುತ್ತಿತ್ತು, ಅಂಗಳದವರೆಗೂ ಬರುತ್ತಿತ್ತು. ತಾನೇ ಮೊದಲು ತಂದ ಬಸ್ಸನ್ನು ತಾನೇ ದಿನಕ್ಕೆರಡು ಸಲ ಖಾಲಿ ಮಾಡುತ್ತಿದ್ದೇನೆಂಬುದು ಊರಿನಲ್ಲಿ ಅವರೊಬ್ಬರಿಗೆ ಮಾತ್ರ ಹೊಳೆದಿರಲಿಲ್ಲ.

ಹೇಳುವುದು ನನ್ನ ಪಾಲಿಗೆ ಬಂತು. ಕಂಡಕ್ಟರರ ಮಾತನ್ನು ಕೂಡಿಸದೆ, ಕಳೆಯದೆ ಒಪ್ಪಿಸಿದೆ. ಅವರು ಅಂಗಳದಲ್ಲಿ ನಿಂತಿದ್ದ ವ್ಯಾನಿನ ಕಡೆ ತಿರುಗಿದರು. ಒಳಗಿನಿಂದ ಹೆಂಡತಿ, "ಆನು ಅವತ್ತೇ ಹೇಳಿದ್ದಿದ್ದೆ. ಇವು ಸ್ಟೇರಿಂಗ್ ಬಿಟ್ರೂ ಬಸ್ ಬಿಡ್ತ್ವಿಲ್ಲೆ ಹೇಳಿ," ಎಂದರು.

"ಈ ವ್ಯಾನು ನನ್ನ ಕಣ್ಣು ಸರಿ ಇಪ್ಪಲ್ಲಿವರೆಗೆ," ಎಂದರು ಇವರು. "ಬಸ್ಸು ಹಂಗಲ್ಲ. ಆನು ಸತ್ರೂ ಅದು ಬರವು."

ಮರುದಿನದಿಂದ ಅವರು ಸ್ಟಾಪುಗಳಲ್ಲಿ ನಿಲ್ಲದೆ ವ್ಯಾನು ಓಡಿಸಲು ಕಲಿಯತೊಡಗಿದರು. ಅದನ್ನು ನೋಡಲೆಂದೇ ನಾನು ಒಂದು ದಿನ ಜೊತೆಗೆ ಹೋದೆ. ಮುಂಬೈನಿಂದ ಬಂದ ನಾಲ್ವರನ್ನು ಶಿರಸಿಯಿಂದ ಊರಿನ ಕಡೆಗೆ ಕರೆದೊಯ್ಯುತ್ತಿದ್ದರು. ಮಂಚಿಕೇರಿ ದಾಟಿದ ಮೇಲಿನ ಮೊದಲ ಸ್ಟಾಪಿನಲ್ಲಿ ಅದೇ ಅಕ್ಕಯ್ಯ ಬುಟ್ಟಿ ಹಿಡಿದು ನಿಂತಿದ್ದರು, ಕೈ ಅಡ್ಡ ಮಾಡಿದರು. ಇವರು ಕತ್ತು ಬಿಗಿದು, ರಸ್ತೆಯನ್ನೇ ದಿಟ್ಟಿಸಿ ಮುಂದೆ ಹೋದರು. ಬಲಗಾಲು ಬ್ರೇಕಿನ ಕಡೆಗೆ ಸರಿಯುವುದು ನನಗೆ ಕಾಣಿಸಿತು. ಒಂದು ತಿರುವಿನವರೆಗೆ ಹೋದದ್ದು ಹೌದು. ಅಲ್ಲಿ ಬ್ರೇಕು ಬಿತ್ತು. ವ್ಯಾನು ಅಷ್ಟೂ ದೂರ ಹಿಮ್ಮುಖವಾಗಿ ಬಂದು ಅಕ್ಕಯ್ಯನ ಮುಂದೆ ನ್ಯಾಯವಾಗಿ ನಿಂತಿತು. ಅಕ್ಕಯ್ಯ ಬಾಗಿಲಿಗೆ ಕೈ ಹಾಕಿದರು.

"ಹತ್ತಡ ಅಕ್ಕಯ್ಯ. ಹಿಂದಿಂದ ಬಸ್ ಬತ್ತಾ ಇದ್ದು."

"ಬಂದ್ರೆ ಬರ್ಲಿ. ಬಾಗಿಲು ತೆಗಿ."

"ತೆಗಿತ್ನಿಲ್ಲೆ."

"ಎಂತ ಸೊಕ್ಕು ಬಂತೋ ನಿಂಗೆ! ನಮ್ಮನೆ ಹಲಸಿನಹಣ್ಣು ತಿಂದ ಬಾಯಿ ಅದು!"

"ಹಲಸಿನಹಣ್ಣು ಬೇರೆ, ಬಸ್ಸು ಬೇರೆ."

"ಹತ್ತಿಸ್ಕಳದಿಲ್ಲೆ ಅಂದ್ರೆ ವಾಪಸ್ ಎಂತಕ್ಕೆ ಬಂದೆ?"

ಅವರು ಎಂಜಿನ್ ಆರಿಸಿದರು. ಅಕ್ಕಯ್ಯ ಬಸ್ಸನ್ನೇ ಹತ್ತುವುದನ್ನು ಕಣ್ಣಾರೆ ನೋಡದೆ ಹೊರಡುವಂತಿರಲಿಲ್ಲ. ಮುಂಬೈನವರು ಕೆಳಗಿಳಿದು ರಸ್ತೆಬದಿಯ ಕೌಳಿ ಹಣ್ಣು ತಿಂದರು, ಮತ್ತೆ ಬಂದು ಕೂತರು, ಮತ್ತೆ ಇಳಿದರು. ಅಕ್ಕಯ್ಯ ಬುಟ್ಟಿಯ ಮೇಲೆ ಕೂತು, ಇವರ ಅಪ್ಪನ ಕಾಲದಿಂದ ಹಿಡಿದು ಆ ಮನೆಯವರಿಗೆ ತಲೆ ಹೇಗೆ ಸರಿಯಿಲ್ಲವೆಂಬುದನ್ನು ವಿವರಿಸಿದರು. ಕಡೆಗೆ ಬಸ್ಸು ಬಂತು. ಅಕ್ಕಯ್ಯ ಹತ್ತುವಾಗ ಇವರು ಕಿಟಕಿಯಿಂದ ಕತ್ತು ಹೊರಗೆ ಚಾಚಿ, "ಟಿಕೆಟ್ ತಗ! ಪುಕ್ಕಟೆ ಹೇಳಿ ಸುಮ್ನೆ ಕೂತ್ಗಳಡ. ಟಿಕೆಟ್ ತಗಳದಿದ್ರೆ ನೀ ಹತ್ತಿದ್ದು ಅವಕ್ಕೆ ಗೊತ್ತಾಗ್ತಿಲ್ಲೆ!" ಎಂದು ಕೂಗಿದರು.

ಹೀಗೆ ಪ್ರತಿ ಸ್ಟಾಪಿನಲ್ಲೂ ಬಸ್ಸು ಕಾಯುತ್ತ ಕೂತರೆ ಜಲಪಾತ ಮುಟ್ಟುವುದು ಯಾವಾಗ? ಅದಕ್ಕೆ ಅವರು ಕಂಡುಕೊಂಡ ದಾರಿ ಯಾವ ಪ್ರವಾಸೋದ್ಯಮ ತಜ್ಞನಿಗೂ ಹೊಳೆಯುವಂಥದ್ದಲ್ಲ. ವ್ಯಾನನ್ನು ಅಂಗಳದಲ್ಲಿ ಬಿಟ್ಟು, ಬೆಳಗಿನ ಬಸ್ಸಿನಲ್ಲಿ ತಾವೇ ಶಿರಸಿಗೆ ಹೋಗುವುದು. ಅಲ್ಲಿ ಪ್ರವಾಸಿಗಳನ್ನು ಕೂಡಿಸಿಕೊಂಡು ಅದೇ ಬಸ್ಸಿನ ಎರಡನೇ ಫೇರಿಗೆ ಊರಿಗೆ ಬರುವುದು. ಊರಿನ ಕೆಳಗಿನ ಜಲಪಾತ, ಯಾವುದಾದರೂ ಮನೆಯ ಊಟ, ಮತ್ತೆ ಮಧ್ಯಾಹ್ನದ ಮೇಲೆ ಅದೇ ಬಸ್ಸು. "ಬಸ್ಸಲ್ಲಿ ಕೂತವಂಗೆ ಊರು ಕಾಣ್ತು. ವ್ಯಾನಲ್ಲಿ ಕೂತವಂಗೆ ವ್ಯಾನೇ ಕಾಣ್ತು," ಎಂದು ಅದಕ್ಕೊಂದು ಸಿದ್ಧಾಂತವನ್ನೂ ಮಾಡಿಕೊಂಡರು. ವ್ಯಾನಿನಲ್ಲಿ ಕೂತವರು ಅವರ ಕಾಲದಲ್ಲಿ ಏನೆಲ್ಲ ಕಂಡಿದ್ದರೆಂಬುದನ್ನು ನಾನು ನೆನಪಿಸಲು ಹೋಗಲಿಲ್ಲ.

ಹೋಮ್‌ಸ್ಟೇಯವರು ಕರೆಯುವುದನ್ನು ಬಿಟ್ಟರು. ಮುಂಬೈನವರಂಥವರು ಮತ್ತೆ ಬರಲಿಲ್ಲ. ವ್ಯಾನಿನ ಟೈರಿನ ಮೇಲೆ ಕೋಳಿಗಳು ಕೂರತೊಡಗಿದವು. ಆದರೆ ಕಂಡಕ್ಟರ್ ಕೆಲಸ ಮಾಡಿದ್ದ ಆ ಬೆಂಗಳೂರಿನ ಹುಡುಗಿ ಮುಂದಿನ ರಜೆಗೆ ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಅವರಲ್ಲೊಬ್ಬಳ ಅಣ್ಣ ತನ್ನ ಆಫೀಸಿನವರನ್ನು ಕರೆತಂದ. ಆಮೇಲೆ ಶಿರಸಿಯ ಶಾಲೆಗಳ ಮಾಸ್ತರರು ಮಕ್ಕಳನ್ನು ಕರೆತಂದರು. ಅಕ್ಕಯ್ಯನ ಸೊಸೆ, ಈ ಸಲ ಫೋನ್ ಮಾಡಿ ಬರಬೇಕೆಂಬ ಕರಾರಿನ ಮೇಲೆ, ಮಡಿಕೆ ಬೋರಲು ಹಾಕಿ ತೊಡದೇವು ಮಾಡುವುದನ್ನು ತೋರಿಸಲು ಒಪ್ಪಿದರು.

ಬಸ್ಸಿನಲ್ಲಿ ಅವರು ಸೀಟು ಇದ್ದರೂ ಕೂರುತ್ತಿರಲಿಲ್ಲ. ಚಾಲಕನ ಹಿಂದಿನ ಸರಳು ಹಿಡಿದು ನಿಲ್ಲುತ್ತಿದ್ದರು. ಪ್ರತಿ ತಿರುವಿನಲ್ಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬಾಯಿಯೂ ಸುಮ್ಮನಿರುತ್ತಿರಲಿಲ್ಲ. "ಎರಡನೇ ಗೇರು... ಎರಡನೇ ಗೇರು." ಒಂದು ದಿನ ಚಾಲಕ ತಿರುಗಿ, "ಯಜಮಾನ್ರೇ, ಬೇಕಾದ್ರೆ ನೀವೇ ಓಡಿಸಿ" ಎಂದ. ಅವರು ಒಂದು ಕ್ಷಣ ನಿಜಕ್ಕೂ ಯೋಚಿಸಿದರೆಂದು ಹತ್ತಿರ ನಿಂತಿದ್ದವರು ಹೇಳುತ್ತಾರೆ.

ಈ ಕಾಲದಲ್ಲೇ ಅವರು ಜಲಪಾತ ನೋಡಿದ್ದು. ತಿರುಗಿಸಿ ನಿಲ್ಲಿಸಲು ವ್ಯಾನಿರಲಿಲ್ಲ, ಒರೆಸಲು ಗಾಜಿರಲಿಲ್ಲ. ಆ ಹುಡುಗಿ ಕೈ ಹಿಡಿದು ಎಳೆದಳು. ತಮ್ಮ ಊರಿನ ಕೆಳಗಿನ ಜಲಪಾತದ ಮುಂದೆ ಜೀವಮಾನದಲ್ಲಿ ಮೊದಲ ಸಲ ಪಂಚೆ ಎತ್ತಿ ಕಟ್ಟಿಕೊಂಡು ನಿಂತರು. ಬಹಳ ಹೊತ್ತು ನೋಡಿದರು. ನಾನು ಪಕ್ಕದಲ್ಲಿದ್ದೆ, ಏನಾದರೂ ದೊಡ್ಡ ಮಾತು ಬರುತ್ತದೆಂದು ಕಾದೆ.

"ಇದು ಎಷ್ಟೊತ್ತಿಂಗೂ ಹಿಂಗೇ ಬೀಳ್ತನ?" ಎಂದರು.

"ಹೌದು."

"ನಿಲ್ಲೂದೇ ಇಲ್ಲೆ?"

"ಇಲ್ಲ."

"ಛೆ," ಎಂದರು, ಕನಿಕರದಿಂದ.

ಬಸ್ಸು ನಿಲ್ಲಲಿಲ್ಲ. ಡಿಪೋದವರು ಯಾವ ಪ್ರಕಟಣೆಯನ್ನೂ ಕೊಡಲಿಲ್ಲ. ನಿಲ್ಲಿಸುವ ಆದೇಶ ಬರಲೇ ಇಲ್ಲ, ಅಷ್ಟೆ. ನಾನೂ ಬರೆಯಲಿಲ್ಲ. ಬಸ್ಸು ನಿಂತರೆ ಸುದ್ದಿ, ಓಡುತ್ತಿದ್ದರೆ ಸುದ್ದಿಯಲ್ಲ. ಇದನ್ನು ಹೇಳಿದಾಗ ಅವರು ತಲೆಯಾಡಿಸಿ, "ನಿಂಗ್ಳ ಪೇಪರಿಗೆ ಯಾರಾದ್ರೂ ಬಿದ್ರೇ ಹಬ್ಬ" ಎಂದರು. ಆದರೆ ಅವರಿಗೆ ನೆಮ್ಮದಿಯಿರಲಿಲ್ಲ. ಕಣ್ಣು ಮಂಜಾಗಿ ಶಿರಸಿಗೆ ಹೋಗುವುದನ್ನು ಬಿಟ್ಟ ಮೇಲೂ ಪ್ರತಿ ಸಂಜೆ ವಸ್ತಿ ಬಸ್ಸು ಬರುವ ಹೊತ್ತಿಗೆ ಬೇಲಿಯ ಬಾಗಿಲಾದ ದಣಪೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಕಂಡಕ್ಟರ್ ಕೆಳಗಿಳಿದ ಕೂಡಲೇ ಅದೇ ಪ್ರಶ್ನೆ: "ಜನ ಇದ್ವನಾ?"

"ಅದಾರ್ರಿ ಯಜಮಾನ್ರ." ಇದು ದಿನದ ಉತ್ತರ. ಕೆಲವು ದಿನ ಅದು ನಿಜವೂ ಆಗಿರುತ್ತಿತ್ತು.

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಫೋನಿನಲ್ಲಲ್ಲ, ಬಸ್ಸಿನಲ್ಲಿ. ಮಳೆಗಾಲದ ಒಂದು ದಿನ, ನಸುಕಿನಲ್ಲಿ, ನಿದ್ದೆಯಲ್ಲೇ ಹೋದರಂತೆ. ಮನೆಯವರ ಅಳು ಕೇಳಿ ಮೊದಲು ಓಡಿಬಂದವರು ಅಲ್ಲೇ ಮಲಗಿದ್ದ ವಸ್ತಿ ಬಸ್ಸಿನ ಚಾಲಕ ಮತ್ತು ಕಂಡಕ್ಟರ್. ಬೆಳಗಾದ ಮೇಲೆ ಬಸ್ಸು ಎಂದಿನಂತೆ ಹೊರಟಿತು. ದಾರಿಯುದ್ದಕ್ಕೂ, ಜನ ಇದ್ದ ಸ್ಟಾಪಿನಲ್ಲೂ ಇಲ್ಲದ ಸ್ಟಾಪಿನಲ್ಲೂ ನಿಂತು, ಕಂಡಕ್ಟರ್ ಸುದ್ದಿ ಹೇಳುತ್ತ ಬಂದರು. ಶಿರಸಿಯ ನಿಲ್ದಾಣದಲ್ಲಿ ಇಳಿದು ನನ್ನನ್ನು ಹುಡುಕಿದರು.

ಎರಡನೇ ಫೇರಿಗೆ ನಾನೂ ಹತ್ತಿದೆ. ಹೋಮ್‌ಸ್ಟೇಯವರು ತಮ್ಮ ಕಾರಿನಲ್ಲಿ ಬನ್ನಿ ಎಂದು ಕರೆದಿದ್ದರು. ಬೇಡವೆಂದೆ. ಆಮೇಲೆ ಅವರೂ ಕಾರು ನಿಲ್ಲಿಸಿ ಬಂದು ನನ್ನ ಪಕ್ಕ ನಿಂತರು. ಮಂಚಿಕೇರಿಯಲ್ಲಿ ಜೀಪು, ರಿಕ್ಷಾಗಳು ಸಾಲಾಗಿ ನಿಂತಿದ್ದವು, ಜನ ಅವುಗಳ ಕಡೆ ನೋಡದೆ ಬಸ್ಸು ಹತ್ತಿದರು. ಮೊದಲ ಸ್ಟಾಪಿನಲ್ಲಿ ಅಕ್ಕಯ್ಯ ಹತ್ತಿದರು, ಸೀಟು ಬಿಟ್ಟುಕೊಟ್ಟರೂ ಮೊದಲು ಟಿಕೆಟ್ ಕೊಡು ಎಂದರು. ಆಮೇಲೆ ಎಲ್ಲ ಸ್ಟಾಪುಗಳಲ್ಲೂ ಹತ್ತಿದರು. ನಡುದಾರಿಯಲ್ಲಿ ಮರ ಬಿದ್ದಿತ್ತು. ಗಂಡಸರೆಲ್ಲ ಇಳಿದು ಕೊಂಬೆ ಕಡಿದು ದಾರಿ ಬಿಡಿಸಿದೆವು. ಬಸ್ಸು ಬಹಳ ತಡವಾಯಿತು.

ಅತ್ತ ಮನೆಯಲ್ಲಿ ಏನಾಯಿತೆಂಬುದನ್ನು ನಂತರ ಇಬ್ಬರಿಂದ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಭಟ್ಟರು ಹೊತ್ತು ಮೀರುತ್ತಿದೆ ಎಂದರು. ಮಳೆ ಬಿಟ್ಟಿದೆ, ಈಗಲೇ ಎತ್ತೋಣ ಎಂದು ನೆಂಟರು ಅವಸರಪಡಿಸಿದರು. ಅವರ ಹೆಂಡತಿ ಒಂದೇ ಮಾತು ಹೇಳಿದರಂತೆ: "ಬಸ್ ಬೈಂದಿಲ್ಲೆ. ತಡಿರಿ."

ನಾವು ಮುಟ್ಟಿದಾಗ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು, ರಸ್ತೆಯ ಕಡೆಗೆ ಕಾಲು ಮಾಡಿ. ಬಸ್ಸಿನ ಬಾಗಿಲಿನಿಂದ ಜನ ಇಳಿಯುತ್ತಲೇ ಇದ್ದರು. ಎಲ್ಲರಿಗಿಂತ ಕೊನೆಗೆ ಕಂಡಕ್ಟರ್ ಇಳಿದರು. ಟಿಕೆಟಿನ ಯಂತ್ರ ಇನ್ನೂ ಹೆಗಲಲ್ಲೇ ಇತ್ತು. ಜನ ದಾರಿ ಬಿಟ್ಟರು. ಅವರು ನೇರ ಹೋಗಿ, ಬಗ್ಗಿ, ದಿನವೂ ದಣಪೆಯ ಹತ್ತಿರ ಹೇಳುತ್ತಿದ್ದ ದನಿಯಲ್ಲೇ ಹೇಳಿದರು:

"ಇವತ್ತ ಗಾಡಿ ಫುಲ್ ಐತ್ರಿ, ಯಜಮಾನ್ರ."